ಐವತ್ತು ಪ್ರತಿಗಳ ಲೋಕ

ಅಗಲವಾದ ತಟ್ಟೆಯೊಂದಕ್ಕೆ ಕಾಯಿಸಿದ ಜೆಲಾಟಿನ್ ಮತ್ತು ಗ್ಲಿಸರಿನ್ ಹೊಯ್ದು ತಣಿಯಲು ಬಿಡಬೇಕು. ಅದು ಗಟ್ಟಿಯಾದ ಮೇಲೆ, ವಿಶೇಷ ನೇರಳೆ ಶಾಯಿಯಲ್ಲಿ ಬರೆದ ಹಾಳೆಯನ್ನು ಬೋರಲು ಹಾಕಿ ಒತ್ತಿದರೆ ಅಕ್ಷರಗಳೆಲ್ಲ ಆ ಪದರಕ್ಕೆ ಇಳಿಯುತ್ತವೆ. ಆಮೇಲೆ ಖಾಲಿ ಹಾಳೆಗಳನ್ನು ಒಂದೊಂದಾಗಿ ಹಾಸಿ, ಸವರಿ, ಎತ್ತುತ್ತ ಹೋದರಾಯಿತು. ಮೊದಲ ಪ್ರತಿಗಳು ಕಡುನೇರಳೆ. ಬರಬರುತ್ತ ಬಣ್ಣ ತೆಳುವಾಗಿ, ಐವತ್ತರ ಸುಮಾರಿಗೆ ಅಕ್ಷರ ಮಾಸತೊಡಗುತ್ತದೆ. ಹೆಕ್ಟೋಗ್ರಾಫ್ ಎಂಬ ಈ ಸಾಧನಕ್ಕೆ ಅಚ್ಚಿನ ಮೊಳೆಯೂ ಬೇಡ, ವಿದ್ಯುತ್ತೂ ಬೇಡ. 1937ರಲ್ಲಿ ಅಮೆರಿಕದ ಕೆಲವು ವೈಜ್ಞಾನಿಕ ಕಥೆಗಳ ಓದುಗರು ತಮ್ಮದೇ ಪ್ರಕಟಣಾ ಸಂಘವೊಂದನ್ನು ಕಟ್ಟಿಕೊಂಡಾಗ ಸದಸ್ಯರ ಸಂಖ್ಯೆಯನ್ನು ಐವತ್ತಕ್ಕೆ ನಿಲ್ಲಿಸಿದರು. ಒಂದು ತಟ್ಟೆ ಜೆಲಾಟಿನ್ ಎಷ್ಟು ಜನರನ್ನು ಮುಟ್ಟಬಲ್ಲದೋ ಹೆಚ್ಚುಕಡಿಮೆ ಅಷ್ಟೇ ದೊಡ್ಡದು ಅವರ ಬಳಗ.

ಸಂಘದ ಹೆಸರು ಫ್ಯಾಂಟಸಿ ಅಮೆಚೂರ್ ಪ್ರೆಸ್ ಅಸೋಸಿಯೇಷನ್. ಸದಸ್ಯರ ಬಾಯಲ್ಲಿ ಫಾಪಾ. ಕಟ್ಟಿದವರು ನ್ಯೂಯಾರ್ಕಿನ ಡೊನಾಲ್ಡ್ ವೊಲ್‌ಹೈಮ್ ಮತ್ತು ಜಾನ್ ಮಿಶೆಲ್, ಇಬ್ಬರೂ ಇಪ್ಪತ್ತರ ಆಸುಪಾಸಿನ ಹುಡುಗರು. ಕೆಲಸದ ಕ್ರಮ ಸರಳವಾಗಿತ್ತು. ಪ್ರತಿ ಸದಸ್ಯನೂ ತನ್ನದೊಂದು ಪುಟ್ಟ ಪತ್ರಿಕೆ ಬರೆದು, ಸದಸ್ಯರೆಷ್ಟೋ ಅಷ್ಟು ಪ್ರತಿ ಮಾಡಿ, ಎಲ್ಲವನ್ನೂ ಒಬ್ಬ ಸಂಪಾದಕನಿಗೆ ಕಳಿಸುತ್ತಿದ್ದ. ಸಂಪಾದಕ ಒಂದಕ್ಷರವನ್ನೂ ತಿದ್ದುತ್ತಿರಲಿಲ್ಲ. ಬಂದ ಪತ್ರಿಕೆಗಳನ್ನು ಜೋಡಿಸಿ, ಕಟ್ಟು ಕಟ್ಟಿ, ಮೂರು ತಿಂಗಳಿಗೊಮ್ಮೆ ಎಲ್ಲರಿಗೂ ಅಂಚೆಗೆ ಹಾಕುವುದಷ್ಟೇ ಅವನ ಪಾಲಿನ ದುಡಿಮೆ. ಹೀಗಾಗಿ ಒಬ್ಬನೇ ಕೂತು ಕೆಲವೇ ಪುಟ ಬರೆದವನ ಮನೆಗೆ ದೇಶದ ಮೂಲೆಮೂಲೆಯ ಬರಹಗಳ ಒಂದು ದಪ್ಪ ಕಟ್ಟು ಬಂದು ಬೀಳುತ್ತಿತ್ತು. ವರ್ಷಕ್ಕೆ ಎಂಟು ಪುಟವಾದರೂ ಬರೆಯದವರಿಗೆ ಸಂಘದಲ್ಲಿ ಜಾಗವಿಲ್ಲ ಎಂಬ ನಿಯಮವಿತ್ತು. ಬರೀ ಓದುಗನಾಗಿ ಉಳಿಯಲು ಅವಕಾಶವೇ ಇಲ್ಲದ ಏರ್ಪಾಡು ಇದು.

ಚದುರಿ ಹೋದವರಿಗೆಂದೇ ಹುಟ್ಟಿದ ಈ ಕ್ರಮದ ಕಥೆ ಆದೋನಿ ಸೀಮೆಯ ಕನ್ನಡಿಗರ ಕಿವಿಗೆ ಬೇರೆಯವರಿಗಿಂತ ಹೆಚ್ಚು ಹತ್ತಿರವಾಗಿ ಕೇಳಬೇಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿ ಕರ್ನೂಲು ಅದರ ರಾಜಧಾನಿಯಾದಾಗ, ಅಲ್ಲಿಯವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಬಳ್ಳಾರಿ ಊರು ಮೈಸೂರಿಗೆ ಹೋಯಿತು. ಮನೆಮಾತು ಕನ್ನಡವಾದ ಊರುಗಳು ಹೊಳಗುಂದ, ಹಾಲಹರ್ವಿ, ಕೌತಾಳಂ, ಕೋಸಿಗಿಯ ಕಡೆಗೆಲ್ಲ ಇದ್ದಲ್ಲೇ ಉಳಿದವು. ಅಲ್ಲಿಯವರು ಓದುವ ಪತ್ರಿಕೆ, ಪುಸ್ತಕಗಳು ಮಾತ್ರ ಗಡಿಯ ಆಚೆಯಿಂದ ಬರಬೇಕಾಯಿತು. ಬರುವುದು ಹೇಗೋ ಬಂದೀತು. ಇಲ್ಲಿಯವರು ಬರೆದದ್ದು ಆಚೆಗೆ ಹೋಗುವ ದಾರಿಯೇ ಕಡಿಮೆ. ದೊಡ್ಡ ಪತ್ರಿಕೆಯ ಸಂಪಾದಕರು ಒಪ್ಪುವವರೆಗೂ ಕಾಯದೆ, ಬರೆಯುವವರೇ ಒಬ್ಬರಿಗೊಬ್ಬರು ಓದುಗರಾಗುವ ದಾರಿ ಒಂದಿದೆ ಎಂಬುದನ್ನು ಆ ನೇರಳೆ ಹಾಳೆಗಳು ತೋರಿಸಿಕೊಟ್ಟವು.

ಹವ್ಯಾಸಿ ಪ್ರಕಟಣೆ ವೈಜ್ಞಾನಿಕ ಕಥೆಗಿಂತ ಹಳೆಯದು. ಪುಟ್ಟ ಕೈಯಚ್ಚುಗಳು ಅಗ್ಗವಾದ ಮೇಲೆ ಅಮೆರಿಕದ ಹದಿಹರೆಯದ ಹುಡುಗರು ಮನೆಯಲ್ಲೇ ಪತ್ರಿಕೆ ಅಚ್ಚು ಹಾಕತೊಡಗಿದ್ದರು. 1876ರಲ್ಲಿ ಫಿಲಡೆಲ್ಫಿಯಾದಲ್ಲಿ ಅವರ ರಾಷ್ಟ್ರೀಯ ಸಂಘವೂ ಸ್ಥಾಪನೆಯಾಯಿತು. ಭಯಾನಕ ಕಥೆಗಳ ಲೇಖಕ ಎಚ್. ಪಿ. ಲವ್‌ಕ್ರಾಫ್ಟ್ 1914ರಲ್ಲಿ ಇಂಥದೇ ಇನ್ನೊಂದು ಸಂಘ ಸೇರಿ ಬರಹಗಾರರ ನಡುವೆ ಕಾಲಿಟ್ಟವನು. ವೈಜ್ಞಾನಿಕ ಕಥೆಯ ಓದುಗರು ಒಬ್ಬರನ್ನೊಬ್ಬರು ಕಂಡುಕೊಂಡದ್ದಕ್ಕೆ ಕಾರಣ ಬೇರೆ. ಹ್ಯೂಗೊ ಗರ್ನ್ಸ್‌ಬ್ಯಾಕ್ 1926ರ ಏಪ್ರಿಲ್‌ನಲ್ಲಿ ಆರಂಭಿಸಿದ ‘ಅಮೇಜಿಂಗ್ ಸ್ಟೋರೀಸ್’ ಮಾಸಪತ್ರಿಕೆಯ ಓದುಗರ ಓಲೆ ವಿಭಾಗದಲ್ಲಿ ಪತ್ರ ಬರೆದವರ ಪೂರ್ಣ ವಿಳಾಸವೂ ಅಚ್ಚಾಗುತ್ತಿತ್ತು. ಸಂಪಾದಕರಿಗೆ ಬರೆದವರು ಈಗ ಪರಸ್ಪರ ಬರೆದುಕೊಳ್ಳತೊಡಗಿದರು. ಚಿಕಾಗೋದ ಪತ್ರಮಿತ್ರರ ಸಂಘವೊಂದು 1930ರ ಮೇ ತಿಂಗಳಲ್ಲಿ ‘ದಿ ಕಾಮೆಟ್’ ಹೊರಡಿಸಿತು. ಅಭಿಮಾನಿಗಳ ಪತ್ರಿಕೆಗಳಲ್ಲಿ ಅದನ್ನೇ ಮೊದಲನೆಯದೆಂದು ಎಣಿಸುತ್ತಾರೆ.

ಕ್ಲೀವ್‌ಲೆಂಡ್‌ನ ಇಬ್ಬರು ಶಾಲಾ ಹುಡುಗರು ತಂದ ಪತ್ರಿಕೆ ಐದೇ ಸಂಚಿಕೆಗೆ ನಿಂತುಹೋಯಿತು. 1933ರ ಜನವರಿಯ ಸಂಚಿಕೆಯಲ್ಲಿ ಜೆರಿ ಸೀಗಲ್ ಬರೆದು ಜೋ ಶುಸ್ಟರ್ ಚಿತ್ರ ಬಿಡಿಸಿದ ಕಥೆಯಲ್ಲಿ ಸೂಪರ್‌ಮ್ಯಾನ್ ಎಂಬ ಹೆಸರಿನವನೊಬ್ಬ ಬರುತ್ತಾನೆ, ಅವನು ಖಳ. ಐದು ವರ್ಷ ತಿದ್ದಿ ತೀಡಿದ ಮೇಲೆ, 1938ರಲ್ಲಿ, ಅದೇ ಹೆಸರು ಇಡೀ ಜಗತ್ತಿಗೆ ಗೊತ್ತಾಯಿತು. ಮನೆಯಲ್ಲಿ ತಯಾರಾದ ಪತ್ರಿಕೆಯ ದೊಡ್ಡ ಉಪಕಾರ ಇದೇ ಇರಬೇಕು. ಅರೆಬೆಂದ ಯೋಚನೆಯನ್ನು ನಾಲ್ಕು ಜನರ ಮುಂದಿಟ್ಟು, ಹಿಂದಕ್ಕೆ ತೆಗೆದುಕೊಂಡು, ಮತ್ತೆ ಬೇಯಿಸಲು ಅದು ಸಮಯ ಕೊಡುತ್ತದೆ.

ಒಂದು ಊರಿನ ಬಳಗ ಹೀಗೆ ಎಷ್ಟು ದೂರ ಹೋಗಬಲ್ಲದು ಎಂದು ತಿಳಿಯಲು ಲಾಸ್ ಏಂಜಲೀಸ್‌ನ ಕಥೆಯನ್ನು ನೋಡಬೇಕು. ಗರ್ನ್ಸ್‌ಬ್ಯಾಕ್ 1934ರಲ್ಲಿ ತನ್ನ ಮತ್ತೊಂದು ಪತ್ರಿಕೆಯ ಮೂಲಕ ‘ಸೈನ್ಸ್ ಫಿಕ್ಷನ್ ಲೀಗ್’ ಎಂಬ ಓದುಗರ ಕೂಟ ಘೋಷಿಸಿದ. ಅದರ ನಾಲ್ಕನೆಯ ಶಾಖೆ ಅದೇ ವರ್ಷದ ಅಕ್ಟೋಬರ್ 27ರಂದು ಲಾಸ್ ಏಂಜಲೀಸ್‌ನಲ್ಲಿ ಸೇರಿತು. ಲೀಗ್ ಕೆಲವೇ ವರ್ಷಗಳಲ್ಲಿ ಸೊರಗಿತು. ಶಾಖೆ ಮಾತ್ರ ‘ಲಾಸ್ ಏಂಜಲೀಸ್ ಸೈನ್ಸ್ ಫ್ಯಾಂಟಸಿ ಸೊಸೈಟಿ’ ಎಂಬ ಸ್ವಂತ ಹೆಸರಿನಲ್ಲಿ ಬೇರು ಬಿಟ್ಟಿತು. ಗುರುವಾರ ಸಂಜೆ ಊರ ನಡುವಿನ ಕ್ಲಿಫ್ಟನ್ಸ್ ಕೆಫೆಟೇರಿಯಾದಲ್ಲಿ ಸಭೆ. ಅದು ಆರ್ಥಿಕ ಕುಸಿತದ ಕಾಲ. ಕೈಯಲ್ಲಿ ಕಾಸಿಲ್ಲದವರನ್ನೂ ಹೊರಗೆ ಹಾಕದ ಹೋಟೆಲು ಅದಾಗಿತ್ತು. ನಿಂಬೆ ಪಾನಕ ಉಚಿತವಾಗಿ ಸಿಗುತ್ತಿತ್ತು. ಓದುವ ಬಡ ಹುಡುಗರು ತಾಸುಗಟ್ಟಲೆ ಕೂತು ಮಂಗಳಗ್ರಹದ ಮಾತಾಡಲು ಇನ್ನೇನು ಬೇಕು?

ಅಲ್ಲಿಗೆ 1937ರಲ್ಲಿ ಬಂದ ಹದಿನೇಳರ ಹುಡುಗ ರೇ ಬ್ರ್ಯಾಡ್ಬರಿ. ಕಾಲೇಜು ಸೇರುವ ಅನುಕೂಲ ಮನೆಯಲ್ಲಿರಲಿಲ್ಲ. ಶಾಲೆ ಮುಗಿದ ಮೇಲೆ ಅವನು ಬೀದಿ ಮೂಲೆಯಲ್ಲಿ ನಿಂತು ದಿನಪತ್ರಿಕೆ ಮಾರಿದ. ಅವನ ಮೊದಲ ಕಥೆ ಅಚ್ಚಾದದ್ದು 1938ರ ಜನವರಿಯಲ್ಲಿ, ಈ ಬಳಗ ತಾನೇ ಪ್ರತಿ ಮಾಡಿ ಹಂಚುತ್ತಿದ್ದ ‘ಇಮ್ಯಾಜಿನೇಷನ್!’ ಎಂಬ ಪತ್ರಿಕೆಯಲ್ಲಿ. ಸಂಭಾವನೆಯಿಲ್ಲ. ಕಥೆಯೂ ಅಷ್ಟಕ್ಕಷ್ಟೆ. ಮರುವರ್ಷ ಅವನೇ ‘ಫ್ಯೂಚೂರಿಯಾ ಫ್ಯಾಂಟೇಷಿಯಾ’ ಎಂಬ ಸ್ವಂತ ಪತ್ರಿಕೆ ತಂದ. ಹಣ ಕೊಟ್ಟವನು ಗೆಳೆಯ ಫಾರೆಸ್ಟ್ ಆಕರ್‌ಮನ್. ಮುಖಪುಟಕ್ಕೆ ಹ್ಯಾನೆಸ್ ಬಾಕ್‌ನ ಚಿತ್ರ. ಒಳಗೆ ಅದೇ ಊರಿನಲ್ಲಿದ್ದ ರಾಬರ್ಟ್ ಹೈನ್‌ಲೈನ್ ಗುಪ್ತನಾಮದಲ್ಲಿ ಬರೆದದ್ದೂ ಇತ್ತು. ನಾಲ್ಕು ಸಂಚಿಕೆಗೆ ಪತ್ರಿಕೆ ಮುಗಿಯಿತು. 1939ರ ಜುಲೈಯಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ವಿಶ್ವ ಸಮ್ಮೇಳನ ನಡೆದಾಗ ಬ್ರ್ಯಾಡ್ಬರಿ ಬಸ್ ಹತ್ತಿದ್ದೂ ಆಕರ್‌ಮನ್ ಕೊಟ್ಟ ಸಾಲದಲ್ಲೇ. ಹೋಗುವಾಗ ಬಾಕ್‌ನ ಚಿತ್ರಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಿ ‘ವಿಯರ್ಡ್ ಟೇಲ್ಸ್’ ಪತ್ರಿಕೆಗೆ ತೋರಿಸಿ, ಗೆಳೆಯನಿಗೆ ಕೆಲಸ ಕೊಡಿಸಿ ಬಂದ. ಅವನಿಗೆ ಹಣ ತಂದ ಮೊದಲ ಕಥೆ 1941ರಲ್ಲಿ ಅಚ್ಚಾಯಿತು. ಅದನ್ನು ಜೊತೆಗೂಡಿ ಬರೆದ ಹೆನ್ರಿ ಹ್ಯಾಸ್ ಕೂಡ ಅದೇ ಬಳಗದವನು. ಪುಸ್ತಕಗಳನ್ನು ಸುಡುವ ನಾಡಿನ ಕಥೆ ‘ಫ್ಯಾರನ್‌ಹೀಟ್ 451’ ಪ್ರಕಟವಾದದ್ದು 1953ರ ಅಕ್ಟೋಬರ್‌ನಲ್ಲಿ, ಆದೋನಿಯ ಜಿಲ್ಲೆ ಬದಲಾದ ತಿಂಗಳಲ್ಲೇ.

ಬ್ರ್ಯಾಡ್ಬರಿಯ ಹೆಸರು ದೊಡ್ಡದಾದದ್ದರಿಂದ ಉಳಿದವರನ್ನು ಮರೆಯುವಂತಿಲ್ಲ. ಮೊರೋಜೋ ಎಂಬ ಹೆಸರಲ್ಲಿ ಬರೆಯುತ್ತಿದ್ದ ಮರ್ಟಲ್ ಡಗ್ಲಸ್ ಈ ಬಳಗದ ಪತ್ರಿಕೆಗಳ ಹಿಂದಿನ ದೊಡ್ಡ ದುಡಿಮೆಗಾರ್ತಿ. ಆಕರ್‌ಮನ್ ಜೊತೆ ಆಕೆ 1939ರಿಂದ 1947ರವರೆಗೆ ನಡೆಸಿದ ‘ವಾಯ್ಸ್ ಆಫ್ ದಿ ಇಮ್ಯಾಜಿ-ನೇಷನ್’ನಲ್ಲಿ ಇದ್ದದ್ದೆಲ್ಲ ಓದುಗರ ಪತ್ರಗಳೇ. ಸಮ್ಮೇಳನಕ್ಕೆ ಮುಂಬರುವ ಕಾಲದ ಉಡುಪು ಹೊಲಿದು ತೊಟ್ಟು ಹೋದ ಮೊದಲಿಗರು ಇವರಿಬ್ಬರು, ಹೊಲಿದವಳು ಆಕೆ. ಸಾಹಿತ್ಯ ಚರಿತ್ರೆಗಳು ಕಥೆ ಬರೆದವರನ್ನು ಎಣಿಸುತ್ತವೆ. ಸ್ಟೆನ್ಸಿಲ್ ಕೊರೆದವರು, ವಿಳಾಸ ಬರೆದವರು, ಪುಟ ಜೋಡಿಸಿ ಪಿನ್ ಹೊಡೆದವರು ಇಲ್ಲದಿದ್ದರೆ ಆ ಕಥೆಗಾರರೂ ಇರುತ್ತಿರಲಿಲ್ಲ.

ಜಗಳಗಳೂ ಇದ್ದವು, ಸಣ್ಣವಲ್ಲ. ಫಾಪಾ ಕಟ್ಟಿದ ವೊಲ್‌ಹೈಮ್ ಮತ್ತು ಮಿಶೆಲ್‌ರನ್ನು, ಜೊತೆಗೆ ಇನ್ನೂ ನಾಲ್ವರನ್ನು, 1939ರ ಆ ಮೊದಲ ವಿಶ್ವ ಸಮ್ಮೇಳನದ ಬಾಗಿಲಲ್ಲೇ ತಡೆಯಲಾಯಿತು. ಕಾರಣ ರಾಜಕೀಯ. ಅವರು ಎಡಪಂಥದವರು, ವೈಜ್ಞಾನಿಕ ಕಥೆಯ ಓದುಗರು ಸಮಾಜ ಬದಲಿಸಲೂ ಮುಂದಾಗಬೇಕೆಂದು ವಾದಿಸುತ್ತಿದ್ದರು. ಲಾಸ್ ಏಂಜಲೀಸ್‌ನಲ್ಲಿ ಬಳಗದ ಅಧ್ಯಕ್ಷನೂ ಆಗಿದ್ದ ಫ್ರಾನ್ಸಿಸ್ ಲೇನಿ ಕೊನೆಗೆ ಸಿಟ್ಟಾಗಿ ಹೊರನಡೆದು, ಬಳಗದವರನ್ನೆಲ್ಲ ಜಾಲಾಡಿ ಒಂದು ಇಡೀ ಪುಸ್ತಕವನ್ನೇ ಬರೆದು 1948ರಲ್ಲಿ ಫಾಪಾ ಕಟ್ಟಿನಲ್ಲಿ ಹಂಚಿದ. ಸಂಪಾದಕನಿಗೆ ತಿದ್ದುವ ಅಧಿಕಾರವಿಲ್ಲದ್ದರಿಂದ ಅದೂ ಎಲ್ಲರ ಮನೆ ತಲುಪಿತು. ಬೈಗುಳವೂ ಹೊಗಳಿಕೆಯೂ ಒಂದೇ ಅಂಚೆಯಲ್ಲಿ ಹೋಗುವ ಏರ್ಪಾಡಿನಲ್ಲಿ ಬರಹಗಾರರ ಚರ್ಮ ಬೇಗ ಗಟ್ಟಿಯಾಗುತ್ತದೆ. ಜ್ಯಾಕ್ ಸ್ಪೀರ್ ಎಂಬ ಸದಸ್ಯ ಹಿಂದಿನ ಕಟ್ಟಿನ ಪ್ರತಿಯೊಂದು ಪತ್ರಿಕೆಗೂ ತನ್ನ ಪ್ರತಿಕ್ರಿಯೆಯನ್ನು ಮುಂದಿನ ಕಟ್ಟಿನಲ್ಲಿ ಬರೆಯುವ ರೂಢಿ ಹಾಕಿದ ಮೇಲಂತೂ ಕಟ್ಟು ಎಂಬುದು ಮೂರು ತಿಂಗಳಿಗೊಮ್ಮೆ ಸೇರುವ ಹರಟೆಕಟ್ಟೆಯೇ ಆಯಿತು.

1964ರಲ್ಲಿ ಲಾಸ್ ಏಂಜಲೀಸ್ ಬಳಗ ತನ್ನದೇ ಆದ ‘ಎಪಿಎ-ಎಲ್’ ಎಂಬ ಪ್ರಕಟಣಾ ಸಂಘ ಆರಂಭಿಸಿತು. ಇದರ ವೇಗ ಬೇರೆ: ವಾರಕ್ಕೊಂದು ಕಟ್ಟು. ಗುರುವಾರದ ಸಭೆಗೆ ಬರುವವರು ತಮ್ಮ ಹಾಳೆಗಳನ್ನು ಹೊತ್ತು ತರುವುದು, ಅಲ್ಲೇ ಜೋಡಿಸುವುದು, ಮನೆಗೆ ಒಯ್ದು ಓದಿ ಮುಂದಿನ ಗುರುವಾರಕ್ಕೆ ಉತ್ತರ ಬರೆಯುವುದು. ಅಂಚೆಯ ಗೊಡವೆ ಇಲ್ಲ. ಅದೇ ವರ್ಷ ಸ್ವಂತ ಕಟ್ಟಡದ ನಿಧಿಗೆ ಚಿಲ್ಲರೆ ಕೂಡಿಸಲು ಶುರುಮಾಡಿ 1973ರಲ್ಲಿ ಕಟ್ಟಡವನ್ನೂ ಕೊಂಡರು.

ಕಡಲಾಚೆ ಇಂಗ್ಲೆಂಡಿನಲ್ಲೂ ಇದೇ ಬಗೆಯ ಉತ್ಸಾಹ. 1937ರ ಜನವರಿಯಲ್ಲಿ ಲೀಡ್ಸ್ ನಗರದಲ್ಲಿ ಸೇರಿದ ಪುಟ್ಟ ಸಮಾವೇಶಕ್ಕೆ ಬಂದವರಲ್ಲಿ ಹತ್ತೊಂಬತ್ತರ ಆರ್ಥರ್ ಸಿ. ಕ್ಲಾರ್ಕ್ ಒಬ್ಬ. ಸಂವಹನ ಉಪಗ್ರಹದ ಕಲ್ಪನೆಯನ್ನು ಮುಂದೆ 1945ರಲ್ಲಿ ಜಗತ್ತಿನ ಮುಂದಿಟ್ಟ ಈತನ ಮೊದಲ ಕಥೆ 1937ರ ಡಿಸೆಂಬರ್‌ನಲ್ಲಿ ಅಚ್ಚಾದ ಪತ್ರಿಕೆಯ ಹೆಸರೇ ‘ಅಮೆಚೂರ್ ಸೈನ್ಸ್ ಸ್ಟೋರೀಸ್’.

ಭಾರತದಲ್ಲಿ ವೈಜ್ಞಾನಿಕ ಕಲ್ಪನೆಯ ಕಥೆಗೆ ಅಭಾವವಿರಲಿಲ್ಲ. ಜಗದೀಶಚಂದ್ರ ಬೋಸ್ 1896ರಲ್ಲೇ ಬಂಗಾಳಿಯಲ್ಲಿ ಬರೆದಿದ್ದರು. ಹೆಂಗಸರು ಸೌರಶಕ್ತಿಯಿಂದ ನಾಡು ನಡೆಸುವ, ಗಂಡಸರು ಒಳಮನೆಯಲ್ಲಿ ಇರುವ ‘ಸುಲ್ತಾನಾಸ್ ಡ್ರೀಮ್’ ಎಂಬ ಕಥೆಯನ್ನು ರುಕಿಯಾ ಸಖಾವತ್ ಹುಸೇನ್ ಬರೆದದ್ದು ಇಂಗ್ಲಿಷಿನಲ್ಲಿ. 1905ರಲ್ಲಿ ಅದು ಅಚ್ಚಾದದ್ದು ಕಮಲಾ ಸತ್ಯನಾಥನ್ ಮದ್ರಾಸಿನಿಂದ ಹೊರಡಿಸುತ್ತಿದ್ದ ‘ಇಂಡಿಯನ್ ಲೇಡೀಸ್ ಮ್ಯಾಗಜೀನ್’ನಲ್ಲಿ. ಆಗ ಆದೋನಿಯೂ ಮದ್ರಾಸ್ ಪ್ರೆಸಿಡೆನ್ಸಿಯದೇ ಊರು. ಮದ್ರಾಸಿನಿಂದ ಮುಂಬಯಿಗೆ ಹೋಗುವ ರೈಲು 1870ರ ದಶಕದಿಂದಲೂ ಅಲ್ಲಿ ಹಾದುಹೋಗುತ್ತದೆ.

ಓದುಗರ ಬಳಗ ಕಟ್ಟಿಕೊಂಡ ಕೆಲಸದಲ್ಲಿ ಕಲ್ಕತ್ತೆಯದೇ ಮೇಲುಗೈ. ಅದ್ರೀಶ್ ಬರ್ಧನ್ ಎಂಬ ತರುಣ 1963ರ ಜನವರಿಯಲ್ಲಿ ಆಕಾಶ್ ಸೇನ್ ಎಂಬ ಹೆಸರಿನಿಂದ ‘ಆಶ್ಚರ್ಯ!’ ಪತ್ರಿಕೆ ಆರಂಭಿಸಿದರು. ವೈಜ್ಞಾನಿಕ ಕಥೆಗಳಿಗೆಂದೇ ಮೀಸಲಾಗಿ ದೇಶದಲ್ಲಿ ಬಂದ ಮೊದಲ ಪತ್ರಿಕೆ ಅದು. 1966ರ ಜನವರಿ 26ರಂದು ಅದರ ಬಳಗವೇ ‘ಸೈನ್ಸ್ ಫಿಕ್ಷನ್ ಸಿನೆ ಕ್ಲಬ್’ ಕಟ್ಟಿತು. ಸತ್ಯಜಿತ್ ರಾಯ್ ಅಧ್ಯಕ್ಷ, ಪ್ರೇಮೇಂದ್ರ ಮಿತ್ರ ಉಪಾಧ್ಯಕ್ಷ, ಬರ್ಧನ್ ಕಾರ್ಯದರ್ಶಿ. ಶುಭ ಹಾರೈಸಿ ಬರೆದವರಲ್ಲಿ ಕ್ಲಾರ್ಕ್ ಮತ್ತು ಬ್ರ್ಯಾಡ್ಬರಿ ಇದ್ದರು. ಹೋಟೆಲಿನಲ್ಲಿ ಪಾನಕ ಕುಡಿದು ಪತ್ರಿಕೆ ಪಿನ್ ಹೊಡೆದವನಿಗೆ ಇನ್ನೊಂದು ಖಂಡದ ಹೊಸ ಬಳಗದ ಕಷ್ಟಸುಖ ಹೇಳಿಕೊಡಬೇಕಿರಲಿಲ್ಲ. ‘ಆಶ್ಚರ್ಯ!’ ಹತ್ತು ವರ್ಷ ಮುಟ್ಟುವ ಹೊತ್ತಿಗೆ ನಿಂತಿತು.

ಮರಾಠಿಯಲ್ಲಿ ದಾರಿ ತೆರೆದದ್ದು ಸ್ಪರ್ಧೆಯ ಮೂಲಕ. ಮರಾಠಿ ವಿಜ್ಞಾನ ಪರಿಷತ್ತು 1974ರಲ್ಲಿ ನಡೆಸಿದ ಕಥಾಸ್ಪರ್ಧೆಗೆ ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ತಮ್ಮ ಹೆಸರಿನ ಮೊದಲಕ್ಷರಗಳನ್ನು ತಿರುಗಿಸಿ, ನಾರಾಯಣ ವಿನಾಯಕ ಜಗತಾಪ್ ಎಂಬ ಹೆಸರಲ್ಲಿ, ಕಪ್ಪುಕುಳಿಯ ಮೇಲೊಂದು ಕಥೆ ಕಳಿಸಿದರು. ಬಹುಮಾನ ಬಂತು. ಹೆಸರಿನ ಬಲವಿಲ್ಲದೆ ಬರಹ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಲು ಜಗದ್ವಿಖ್ಯಾತ ವಿಜ್ಞಾನಿಗೂ ಇಂಥದೊಂದು ಸಣ್ಣ ವೇದಿಕೆ ಬೇಕಾಯಿತು.

ಕನ್ನಡಕ್ಕೆ ಬಂದರೆ, ಈ ಕೆಲಸಕ್ಕೆ ಬೇಕಾದ ಎರಡು ಎಳೆಗಳೂ ನಮ್ಮಲ್ಲಿವೆ. ಮೊದಲನೆಯದು ಕೈಬರಹ ಪತ್ರಿಕೆ. ಕಾಸರಗೋಡಿನ ಗಡಿಯಲ್ಲಿ ಕಯ್ಯಾರ ಕಿಞ್ಞಣ್ಣ ರೈ ಹನ್ನೆರಡರ ಹುಡುಗನಾಗಿದ್ದಾಗಲೇ ‘ಸುಶೀಲ’ ಎಂಬ ಪತ್ರಿಕೆಯನ್ನು ಕೈಯಲ್ಲೇ ಬರೆದು ಹೊರತಂದರು. ಅವರು ಹುಟ್ಟಿದ್ದು 1915ರಲ್ಲಿ; ಅಂದರೆ ಆ ಕೈಬರಹ ಪತ್ರಿಕೆ ಚಿಕಾಗೋದ ‘ಕಾಮೆಟ್’ಗಿಂತ ಹಿರಿಯದು. ಶಾಲೆ ಕಾಲೇಜುಗಳ ಗೋಡೆ ಪತ್ರಿಕೆಗಳು, ಸೈಕ್ಲೋಸ್ಟೈಲ್ ಮಾಡಿ ಹಂಚಿದ ಸಂಚಿಕೆಗಳು ಇದೇ ಕುಲದವು.

ಎರಡನೆಯ ಎಳೆ, ಕನ್ನಡದಲ್ಲಿ ವಿಜ್ಞಾನ ಬರೆಯಬೇಕೆಂಬ ಹಟ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆ ಆರಂಭಿಸಿದರು. ಎರಡೇ ವರ್ಷ ಬಾಳಿದರೂ ಭೌತಶಾಸ್ತ್ರವನ್ನೂ ಸಸ್ಯಶಾಸ್ತ್ರವನ್ನೂ ಕನ್ನಡದಲ್ಲಿ ಹೇಳಬಹುದೆಂದು ಅದು ಸಾಧಿಸಿ ತೋರಿಸಿತು. ಆರು ದಶಕದ ಮೇಲೆ, 1978ರಲ್ಲಿ, ‘ಬಾಲವಿಜ್ಞಾನ’ ಹುಟ್ಟಿತು, ಜೆ. ಆರ್. ಲಕ್ಷ್ಮಣರಾವ್, ಅಡ್ಯನಡ್ಕ ಕೃಷ್ಣಭಟ್ಟರಂಥ ಮೇಷ್ಟರು ಪಾಠ ಮುಗಿಸಿ ಉಳಿದ ಹೊತ್ತನ್ನು ಅದಕ್ಕೆ ಎರೆದರು. 1980ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಅದನ್ನು ಮುಂದುವರಿಸಿತು. ಗಡಿಯ ಈಚೆಗೆ ತೆಲುಗಿನಲ್ಲಿ ಜನ ವಿಜ್ಞಾನ ವೇದಿಕೆ ‘ಚೆಕುಮುಕಿ’ಯ ಮೂಲಕ ಮಾಡಿದ್ದೂ ಇದನ್ನೇ. ವೈಜ್ಞಾನಿಕ ಕಾದಂಬರಿಯಲ್ಲಿ ರಾಜಶೇಖರ ಭೂಸನೂರಮಠರ ಹೆಸರು ಎಲ್ಲರಿಗೂ ಗೊತ್ತು. ಈ ಬಗೆಯ ಕಥೆಗಳು ಕನ್ನಡದಲ್ಲಿ ಹೆಚ್ಚಾಗಿ ವಾರಪತ್ರಿಕೆ, ವಿಶೇಷಾಂಕಗಳ ಆಸರೆಯಲ್ಲೇ ಬೆಳೆದವು. ಕೈಬರಹ ಪತ್ರಿಕೆಯ ಹುಡುಗರೂ ಬಾಲವಿಜ್ಞಾನದ ಓದುಗರೂ ಒಂದೇ ಕಟ್ಟಿನೊಳಗೆ ಸೇರಬೇಕು ಎಂಬುದೇ ಈ ಲೇಖನದ ಆಸೆ. ಅದಕ್ಕೆ ಬೆಂಗಳೂರಿಗಿಂತ ಆದೋನಿ ಒಳ್ಳೆಯ ಜಾಗ.

ಏಕೆಂದರೆ ಇಲ್ಲಿಯ ನೆಲದಲ್ಲೇ ಕಥೆಗಳಿವೆ. ತುಂಗಭದ್ರಾ ಅಣೆಕಟ್ಟೆಯ ಕೆಳಮಟ್ಟದ ಕಾಲುವೆ ಆಲೂರು, ಆದೋನಿ, ಎಮ್ಮಿಗನೂರು ಕಡೆಯ ಹೊಲಗಳಿಗೆ ನೀರು ತರುತ್ತದೆ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯದಲ್ಲಿ ಹೂಳು ತುಂಬಿ ಈಗ ಸುಮಾರು 105 ಟಿಎಂಸಿಗಷ್ಟೇ ಜಾಗ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ಕಾಲುವೆಯ ಕೊನೆಯ ರೈತರು ಕಳೆದ ದಿನಗಳನ್ನು ನೆನೆದುಕೊಂಡರೆ, 2100ರ ಹೊತ್ತಿಗೆ ಈ ನೀರು ಏನಾದೀತು ಎಂದು ಬರೆಯಲು ಮಂಗಳಗ್ರಹಕ್ಕೆ ಹೋಗಬೇಕಿಲ್ಲ. ತುಗ್ಗಲಿ, ಜೊನ್ನಗಿರಿಯ ಹೊಲಗಳಲ್ಲಿ ಮೊದಲ ಮಳೆ ಬಿದ್ದೊಡನೆ ನೂರಾರು ಜನ ಬಗ್ಗಿ ವಜ್ರ ಹುಡುಕುತ್ತಾರೆ. ಅಲ್ಲೇ ಹತ್ತಿರದ ಎರ್ರಗುಡಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ; ಅದರ ಕೆಲವು ಸಾಲುಗಳು ಎಡದಿಂದ ಬಲಕ್ಕೂ ಮುಂದಿನವು ಬಲದಿಂದ ಎಡಕ್ಕೂ ಸಾಗುತ್ತವೆ. ಕಾಲಯಾನದ ಕಥೆ ಬರೆಯುವ ಹುಡುಗಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಎಲ್ಲಿ ಸಿಕ್ಕೀತು?

ಹೆಕ್ಟೋಗ್ರಾಫಿನ ಮಿತಿ ಈಗ ಇಲ್ಲ. ಯಾವ ಬಸ್ ನಿಲ್ದಾಣದ ಬಳಿಯಾದರೂ ಝೆರಾಕ್ಸ್ ಅಂಗಡಿ ಇದ್ದೇ ಇದೆ. ಆದರೂ ಹಳೆಯ ನಿಯಮಗಳನ್ನು ಉಳಿಸಿಕೊಳ್ಳುವುದು ಒಳ್ಳೆಯದು. ಗಡಿಯ ಕನ್ನಡ ಶಾಲೆಗಳ ಮಕ್ಕಳು, ಒಬ್ಬಿಬ್ಬರು ವಿಜ್ಞಾನದ ಮೇಷ್ಟರು, ಆಲೂರಿನ ಒಬ್ಬರು, ಬಳ್ಳಾರಿ ರಾಯಚೂರಿನ ಇನ್ನಿಬ್ಬರು: ಹೀಗೆ ಹನ್ನೆರಡು ಮಂದಿಯಿಂದ ಶುರುಮಾಡಬಹುದು. ತಲಾ ಎರಡು ಪುಟ, ಹನ್ನೆರಡು ಪ್ರತಿ. ಜೋಡಿಸುವವರು ತಿದ್ದಬಾರದು. ಪ್ರತಿಯೊಬ್ಬರೂ ಮುಂದಿನ ಸಲ ಉಳಿದ ಹನ್ನೊಂದಕ್ಕೂ ಎರಡು ಸಾಲಾದರೂ ಉತ್ತರ ಬರೆಯಬೇಕು. ಕಟ್ಟುವ ಕೆಲಸ ಸರದಿಯಂತೆ ಊರಿಂದೂರಿಗೆ ಹೋಗಲಿ. ಮೊದಲ ಕಟ್ಟಿನ ಗಡುವನ್ನು ಜೂನ್ ಕೊನೆಗೆ ಇಟ್ಟುಕೊಳ್ಳಬಹುದು: ಶಾಲೆ ತೆರೆದಿರುತ್ತದೆ, ಮೊದಲ ಮಳೆ ಬಿದ್ದಿರುತ್ತದೆ, ಜೊನ್ನಗಿರಿಯ ಹೊಲಗಳಲ್ಲಿ ಜನ ನೆರೆದಿರುತ್ತಾರೆ, ಬರೆಯಲು ವಿಷಯಕ್ಕೆ ಕೊರತೆಯಾಗದು.